ಘಾಟಿ ಇಳಿಯುವಾಗ ಪಿಕಪ್‌ನ ಬ್ರೇಕು ಮೆತ್ತಗಾದರೆ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಚೆಂಬು ಕಡೆ ಸ್ವಲ್ಪ ಅಡಿಕೆಯೂ ಇದೆ. ಇಷ್ಟು ದಿನ ಕಾರು, ಜೀಪು ಓಡಿಸಿ ಗೊತ್ತು. ಈಚೆಗೆ 2021ರ ಮಾಡೆಲಿನ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡೆ. ಹಿಂದಿನ ಓನರ್ ಹಿಂಬದಿಯ ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪಟ್ಟೆ ಹಾಕಿಸಿದ್ದಾರೆ. 'ಎಷ್ಟು ಲೋಡು ಹಾಕಿದರೂ ಬಗ್ಗಲ್ಲ' ಅಂದಿದ್ದರು. ಹೋದ ವಾರ ಕುಶಾಲನಗರದಿಂದ ಕುರಿಗೊಬ್ಬರ ತುಂಬಿಕೊಂಡು ಸಂಪಾಜೆ ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಪೂರ್ತಿ ಕೆಳಗೆ ಹೋಯಿತು. ಎರಡು ಮೂರು ಸಲ ತುಳಿದ ಮೇಲೆ ಹಿಡಿಯಿತು. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ಸರಿ ಇತ್ತು. ಬ್ರೇಕ್ ಲೈನರ್ ಚೆನ್ನಾಗಿದೆ ಅಂತ ಮೆಕ್ಯಾನಿಕ್ ಹೇಳಿದರು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತೆ ಅಂತ ನಮ್ಮ ಮಾವ ಹೇಳ್ತಾರೆ, ನಾನೂ ಅಲ್ಲಲ್ಲಿ ಹಾಗೆ ಮಾಡಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಆಗಾಗ ಬರುತ್ತದೆ. ಮುಂದಿನ ಕೊಯ್ಲಿಗೆ ಕೆಲಸದವರನ್ನೂ ಇದರಲ್ಲೇ ಕರೆತರುವ ಯೋಚನೆ ಇದೆ. ತಪ್ಪು ಗಾಡಿಯದ್ದಾ, ನನ್ನದಾ? ಮಳೆಗಾಲಕ್ಕೆ ಮುಂಚೆ ಏನೇನು ಮಾಡಿಸಬೇಕು?

ಉತ್ತರ: ಮೊದಲು ಒಂದು ಮಾತು. ಕೆಳಗೆ ಹೇಳುವ ಬ್ರೇಕಿನ ಕೆಲಸ ಮುಗಿಯುವ ತನಕ ಆ ಗಾಡಿಯಲ್ಲಿ ಲೋಡು ಹಾಕಿಕೊಂಡು ಯಾವ ಘಾಟಿಯನ್ನೂ ಇಳಿಯಬೇಡಿ. ನಿಲ್ಲಿಸಿದ ಮೇಲೆ ಸರಿಹೋಯಿತು ಅಂದ ಮಾತ್ರಕ್ಕೆ ಅದು ವಾಸಿಯಾಗಿಲ್ಲ. ಇನ್ನೊಂದು ಇಳಿಜಾರಿನಲ್ಲಿ, ಇನ್ನೊಂದು ಲೋಡಿನಲ್ಲಿ ಹಾಗೆಯೇ ಆಗುತ್ತದೆ. ಆಗ ಬದಿಗೆ ನಿಲ್ಲಿಸಲು ಜಾಗ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಬಿಸಿಗೆ ಬ್ರೇಕು ಎರಡು ರೀತಿ ಕೈಕೊಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡು, ಲೈನರ್ ಕಾದು ಹಿಡಿತ ಬಿಟ್ಟಿವೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿ, ಪಂಪ್ ಮಾಡಿದಾಗ ಮತ್ತೆ ಹಿಡಿದು, ತಣ್ಣಗಾದ ಮೇಲೆ ಮೊದಲಿನಂತಾದರೆ ಬ್ರೇಕ್ ಆಯಿಲ್ ಒಳಗೆ ಕುದಿದು ಆವಿಯಾಗಿದೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಅದಕ್ಕೇ ನಿಮ್ಮ ಕಾಲಿನ ಒತ್ತಡ ಚಕ್ರಕ್ಕೆ ತಲುಪುತ್ತದೆ. ಆವಿ ಕುಗ್ಗುತ್ತದೆ. ನೀವು ತುಳಿದಿದ್ದೆಲ್ಲ ಆ ಆವಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ನಿಮಗೆ ಆಗಿದ್ದು ಈ ಎರಡನೆಯದು ಅಂತ ನಿಮ್ಮ ವಿವರಣೆಯಿಂದಲೇ ತಿಳಿಯುತ್ತದೆ. ನಿಮ್ಮ ಮೆಕ್ಯಾನಿಕ್ ಲೈನರ್ ನೋಡಿ ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ. ಆದರೆ ನೋಡಬೇಕಾಗಿದ್ದು ಆಯಿಲನ್ನು.

ಬ್ರೇಕ್ ಆಯಿಲಿಗೆ ಗಾಳಿಯಲ್ಲಿರುವ ತೇವ ಹೀರಿಕೊಳ್ಳುವ ಗುಣ ಇದೆ. ಹೊಸ ಡಾಟ್ 3 ಗ್ರೇಡಿನ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ನಮ್ಮ ಕೊಡಗಿನ ಹವೆ ಹೇಗೆ ಅಂತ ನಿಮಗೆ ಹೇಳಬೇಕಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಬೇಕು. ನಿಮ್ಮ ಗಾಡಿಯದ್ದು 2021ರಲ್ಲಿ ಫ್ಯಾಕ್ಟರಿಯಲ್ಲಿ ಹಾಕಿದ್ದೇ ಇದ್ದರೂ ಆಶ್ಚರ್ಯ ಇಲ್ಲ. ಸುಮಾರು ಜನ ಡಬ್ಬಿಯಲ್ಲಿ ಕಡಿಮೆಯಾದಷ್ಟು ಮೇಲಿಂದ ಹಾಕಿ ಸುಮ್ಮನಾಗುತ್ತಾರೆ. ಹಾಗೆ ಮಾಡಿಸಬೇಡಿ. ಹಳೆಯದನ್ನು ನಾಲ್ಕೂ ಚಕ್ರದಿಂದ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಏರ್ ತೆಗೆಸಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ಗ್ರೇಡು ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಿ. ಸೀಲು ಒಡೆಯದ ಹೊಸ ಬಾಟಲಿಯನ್ನು ನಿಮ್ಮ ಕಣ್ಣೆದುರೇ ತೆಗೆಯಲಿ. ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಉಳಿದ ಬಾಟಲಿ ಒಂದು ಮಳೆಗಾಲ ಕಂಡಿದ್ದರೆ ಅದೂ ನೀರು ಕುಡಿದಿರುತ್ತದೆ.

ಆಯಿಲ್ ಹಳೆಯದು ಅನ್ನುವುದು ಅರ್ಧ ಕಾರಣ. ಅದು ಕುದಿಯುವಷ್ಟು ಬಿಸಿಯಾಗಿದ್ದು ಯಾಕೆ ಅನ್ನುವುದು ಉಳಿದರ್ಧ. ಅಲ್ಲಿ ಪಟ್ಟೆ ಬರುತ್ತದೆ, ಲೋಡು ಬರುತ್ತದೆ, ನ್ಯೂಟ್ರಲ್ ಬರುತ್ತದೆ.

ಎಕ್ಸ್‌ಟ್ರಾ ಪಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪಿಕಪ್ ಖಾಲಿ ಇದ್ದಾಗ ಹಿಂಬದಿ ತುಂಬಾ ಹಗುರ. ಆಗ ಹಿಂದಿನ ಚಕ್ರಕ್ಕೆ ಪೂರ್ತಿ ಬ್ರೇಕು ಕೊಟ್ಟರೆ ಅವು ಲಾಕ್ ಆಗಿ ಗಾಡಿ ಹಿಂದಿನಿಂದ ಜಾರುತ್ತದೆ. ಹಾಗಾಗಬಾರದು ಅಂತ ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಚಾಸಿಗೆ ಒಂದು ವಾಲ್ವ್ ಕೂರಿಸಿರುತ್ತಾರೆ. ಅದರಿಂದ ಆಕ್ಸಲ್ಲಿಗೆ ಒಂದು ಸಣ್ಣ ರಾಡೋ ಸ್ಪ್ರಿಂಗೋ ಇರುತ್ತದೆ. ಲೋಡು ಬಿದ್ದು ಬಾಡಿ ಕೆಳಗಿಳಿದ ಹಾಗೆಲ್ಲ ಆ ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಅಂದರೆ ಅದು ಲೋಡನ್ನು ಅಳೆಯುವುದು ಬಾಡಿ ಎಷ್ಟು ಬಗ್ಗಿತು ಅನ್ನುವುದರ ಮೇಲೆ. ಈಗ ಪಟ್ಟೆ ಸೇರಿಸಿ ಬಗ್ಗದ ಹಾಗೆ ಮಾಡಿದರೆ? ಗಾಡಿಯಲ್ಲಿ ಒಂದೂವರೆ ಟನ್ ಗೊಬ್ಬರ ಇದ್ದರೂ ವಾಲ್ವ್ ಲೆಕ್ಕದಲ್ಲಿ ಗಾಡಿ ಹೆಚ್ಚುಕಮ್ಮಿ ಖಾಲಿಯೇ. ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ. ಪೂರ್ತಿ ಭಾರ ನಿಲ್ಲಿಸುವ ಕೆಲಸ ಮುಂದಿನ ಡಿಸ್ಕಿನ ಮೇಲೆ ಬೀಳುತ್ತದೆ. ಅದು ಕೆಂಪಾಗುವಷ್ಟು ಕಾಯುತ್ತದೆ, ಪಕ್ಕದಲ್ಲೇ ಇರುವ ಆಯಿಲ್ ಕುದಿಯುತ್ತದೆ. ಮುಂದಿನ ಪ್ಯಾಡು ಬೇಗ ಸವೆದು ಹಿಂದಿನ ಲೈನರ್ ಹೊಸದರಂತೆಯೇ ಉಳಿದಿದ್ದರೆ ಬೇರೆ ಸಾಕ್ಷಿ ಬೇಡ. ನಿಮ್ಮ ಮೆಕ್ಯಾನಿಕ್ ಚೆನ್ನಾಗಿದೆ ಅಂದಿದ್ದು ಹಿಂದಿನ ಲೈನರೇ ಆಗಿರಬಹುದು, ಮುಂದಿನ ಪ್ಯಾಡನ್ನೂ ತೆಗೆಸಿ ನೋಡಿ.

ನನ್ನ ಸಲಹೆ ನೇರವಾದದ್ದು. ಆ ಎಕ್ಸ್‌ಟ್ರಾ ಪಟ್ಟೆ ತೆಗೆಸಿಬಿಡಿ. ಕಂಪನಿ ಕೊಟ್ಟಷ್ಟೇ ಪಟ್ಟೆ ಇರಲಿ. ವಾಲ್ವಿನ ರಾಡು ಇದೆಯಾ, ಬಾಗಿದೆಯಾ, ಯಾರಾದರೂ ತಂತಿ ಹಾಕಿ ಕಟ್ಟಿಟ್ಟಿದ್ದಾರಾ ಅಂತ ಗಾಡಿ ಕೆಳಗೆ ಮಲಗಿ ನೋಡಿ. ತೋಟದ ದಾರಿಯಲ್ಲಿ ಕಲ್ಲು ತಾಗಿ ಆ ರಾಡು ಮುರಿದಿರುವುದು ಅಪರೂಪ ಅಲ್ಲ. ಸರಿಮಾಡಿಸಿದ ಮೇಲೆ ಅದರ ಅಳತೆಯನ್ನು ಕಂಪನಿ ಹೇಳಿದ ಹಾಗೆ ಸೆಟ್ ಮಾಡಿಸಬೇಕು, ಕಣ್ಣಂದಾಜಿನಲ್ಲಿ ಆಗುವ ಕೆಲಸ ಅಲ್ಲ. ಪಟ್ಟೆ ತೆಗೆದರೆ ಲೋಡು ಹಾಕುವುದು ಕಷ್ಟ ಅಂತ ಯಾರಾದರೂ ಹೇಳಿದರೆ, ಗಾಡಿ ಬಗ್ಗುವುದೇ 'ಇನ್ನು ಲೋಡು ಸಾಕು' ಅಂತ ನಮಗೆ ಹೇಳುವುದಕ್ಕೆ ಅನ್ನಿ. ಪಟ್ಟೆ ಸೇರಿಸಿದರೆ ಬ್ರೇಕು, ಟಯರು, ಆಕ್ಸಲ್ಲು, ಬೇರಿಂಗು ದೊಡ್ಡದಾಗುವುದಿಲ್ಲ. ಬಗ್ಗುವುದು ಮಾತ್ರ ನಿಲ್ಲುತ್ತದೆ.

ಇನ್ನು ಲೋಡು. ನಿಮ್ಮ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ. ಖಾಲಿ ಗಾಡಿಯ ತೂಕ ಒಂದು, ಒಟ್ಟು ಇರಬಹುದಾದ ತೂಕ ಇನ್ನೊಂದು. ಎರಡರ ವ್ಯತ್ಯಾಸವೇ ನೀವು ಹಾಕಬಹುದಾದ ಲೋಡು, ಅದರಲ್ಲಿ ನೀವೂ ಪಕ್ಕದಲ್ಲಿ ಕೂತವರೂ ಸೇರಿ. ಉದಾಹರಣೆಗೆ ವ್ಯತ್ಯಾಸ 1,300 ಕೆ.ಜಿ. ಅಂತ ಇಟ್ಟುಕೊಳ್ಳಿ. ಇಬ್ಬರ ತೂಕ 150 ಕಳೆದರೆ 1,150 ಉಳಿಯಿತು. 50 ಕೆ.ಜಿ.ಯ ಗೊಬ್ಬರ, ಕಾಫಿ ಮೂಟೆಯಾದರೆ 23. ಅಷ್ಟೇ. ಬಾಡಿಯಲ್ಲಿ ಇನ್ನೂ ಜಾಗ ಇದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಮೂಟೆಯಾದರೆ ಎಣಿಸಬಹುದು. ಕುರಿಗೊಬ್ಬರ, ಸಗಣಿ ಗೊಬ್ಬರ, ಮರಳು, ಹಸಿ ಸೌದೆ ಇವು ಮೋಸ ಮಾಡುತ್ತವೆ. ಒಣ ಗೊಬ್ಬರ ಬಾಡಿ ತುಂಬಾ ಹಾಕಿದರೂ ಪರವಾಗಿಲ್ಲ ಅನ್ನಿಸಬಹುದು. ಅದೇ ಗೊಬ್ಬರ ಒಂದು ಮಳೆ ನೆನೆದಿದ್ದರೆ ಅಷ್ಟೇ ಎತ್ತರಕ್ಕೆ ನೂರಾರು ಕೆ.ಜಿ. ಜಾಸ್ತಿ ತೂಗುತ್ತದೆ. ಕುಶಾಲನಗರದಲ್ಲಿ ತುಂಬಿಸಿದ ಕೂಡಲೇ ಒಮ್ಮೆ ವೇಬ್ರಿಡ್ಜಿಗೆ ಹತ್ತಿಸಿ ಚೀಟಿ ತಗೊಳ್ಳಿ. ಎರಡು ಮೂರು ಸಲ ಹಾಗೆ ಮಾಡಿದರೆ ಯಾವ ಸಾಮಾನು ಬಾಡಿಯ ಎಷ್ಟು ಎತ್ತರಕ್ಕೆ ಎಷ್ಟು ತೂಗುತ್ತದೆ ಅಂತ ನಿಮಗೇ ಅಂದಾಜು ಸಿಗುತ್ತದೆ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಜಾಸ್ತಿಯಾದ ಪ್ರತಿ ಟನ್ನಿಗೆ 2,000. ಇದು 2019ರ ತಿದ್ದುಪಡಿಯಲ್ಲಿ ಬಂದದ್ದು. ಆದರೆ ದಂಡಕ್ಕೆ ಹೆದರಿ ತೂಕ ನೋಡಬೇಡಿ, ಘಾಟಿಗೆ ಹೆದರಿ ನೋಡಿ.

ತೂಕದ ಹಾಗೆಯೇ ಅದನ್ನು ಇಡುವ ಜಾಗವೂ ಮುಖ್ಯ. ಭಾರದ ಸಾಮಾನು ಕ್ಯಾಬಿನ್ ಕಡೆಗೆ, ತಳಕ್ಕೆ ಇರಲಿ. ಹಿಂದಿನ ಚಕ್ರಕ್ಕಿಂತ ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಅನ್ನಿಸುತ್ತದೆ, ಮುಂದಿನ ಬ್ರೇಕಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಸಿಲ್ವರ್ ಓಕ್ ಮರದ ದಿಮ್ಮಿಯನ್ನು ಹಿಂದಿನ ಡೋರಿನಿಂದ ಹೊರಗೆ ಚಾಚಿಕೊಂಡು ಒಯ್ಯುವವರನ್ನು ಕಂಡಾಗ ನನಗೆ ಎದೆ ಧಸಕ್ ಅನ್ನುತ್ತದೆ. ಹಗ್ಗ ಬಿಗಿದು, ಟಾರ್ಪಾಲು ಹೊದಿಸಿ ಹೊರಟ ಮೇಲೆ ನಾಲ್ಕೈದು ಕಿಲೋಮೀಟರ್ ಹೋಗಿ ಒಮ್ಮೆ ನಿಲ್ಲಿಸಿ ಹಗ್ಗ ನೋಡಿ. ಲೋಡು ಕುಲುಕಿ ಕೂತ ಮೇಲೆ ಹಗ್ಗ ಸಡಿಲವಾಗಿಯೇ ಇರುತ್ತದೆ.

ಈಗ ನ್ಯೂಟ್ರಲ್. ನಿಮ್ಮ ಮಾವ ಹೇಳಿದ್ದು ಹಳೆಯ ಕಾಲದಿಂದ ಬಂದ ನಂಬಿಕೆ. ಬಹಳ ಡ್ರೈವರುಗಳು ಇವತ್ತಿಗೂ ಅದನ್ನು ನಂಬುತ್ತಾರೆ. ನಿಮ್ಮದು ಬಿಎಸ್ 6 ಗಾಡಿ, ಅಂದರೆ ಹೊಗೆಯ ಹೊಸ ನಿಯಮಕ್ಕೆ ತಕ್ಕ ಎಂಜಿನ್ನಿನದು. 2020ರ ಏಪ್ರಿಲ್ ಒಂದರಿಂದ ಅದೇ ಕಡ್ಡಾಯ. ಇಂಥ ಎಂಜಿನ್‌ನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆಫ್ ಆಗದ ಹಾಗೆ ಡೀಸೆಲ್ ಕುಡಿಯುತ್ತಲೇ ಇರಬೇಕು. ಹಾಗಾಗಿ ಉಳಿತಾಯವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಆತ್ಮಹತ್ಯೆಯೇ. ಬ್ರೇಕಿಗೆ ಶಕ್ತಿ ಕೊಡುವ ಬೂಸ್ಟರಿನಲ್ಲಿ ಒಂದೆರಡು ಸಲ ತುಳಿಯುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗೂ ಇರುವುದಿಲ್ಲ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಸಂಪಾಜೆ ತಲುಪುವಷ್ಟರಲ್ಲಿ 800 ಮೀಟರಿಗಿಂತ ಜಾಸ್ತಿ ಇಳಿದಿರುತ್ತೀರಿ. ಲೋಡು ಸೇರಿ 2,900 ಕೆ.ಜಿ. ಇರುವ ಗಾಡಿ 800 ಮೀಟರ್ ಇಳಿಯುವಾಗ ಬಿಡುವ ಶಕ್ತಿಯಲ್ಲಿ ಸುಮಾರು 70 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಅದು ಎಲ್ಲಿಗಾದರೂ ಹೋಗಲೇಬೇಕು. ಗೇರಿನಲ್ಲಿದ್ದರೆ ದೊಡ್ಡ ಪಾಲು ಎಂಜಿನ್ ಮೂಲಕ ಹೋಗುತ್ತದೆ. ನ್ಯೂಟ್ರಲ್ ಆದರೆ ಎಲ್ಲವೂ ಎರಡು ಡಿಸ್ಕು, ಎರಡು ಡ್ರಮ್ಮಿಗೆ. ನಿಮ್ಮ ಗಾಡಿಯಲ್ಲಂತೂ ಪಟ್ಟೆಯ ದೆಸೆಯಿಂದ ಹೆಚ್ಚಿನದ್ದೆಲ್ಲ ಎರಡೇ ಡಿಸ್ಕಿಗೆ.

ಹಾಗಾದರೆ ಇಳಿಯುವುದು ಹೇಗೆ? ಆ ಲೋಡಿನಲ್ಲಿ ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಅನುಮಾನ ಇದ್ದರೆ ಒಂದು ಕಡಿಮೆ. ಲೋಡಿದ್ದರೆ ಘಾಟಿಯ ಕಡಿದಾದ ಕಡೆ ಎರಡನೇ ಗೇರು, ಸ್ವಲ್ಪ ಸಲೀಸಾದ ಕಡೆ ಮೂರು. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿ. ವೇಗ ಏರಿದ ಮೇಲೆ ಇಳಿಸಲು ಹೋದರೆ ಗೇರು ಕೂರದೆ ನ್ಯೂಟ್ರಲಿನಲ್ಲೇ ಸಿಕ್ಕಿಕೊಳ್ಳುವ ಅಪಾಯ ಇದೆ. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ವೇಗ 30ಕ್ಕೆ ಬಂತು ಅನ್ನಿ, ಗಟ್ಟಿಯಾಗಿ ಒತ್ತಿ 20ಕ್ಕೆ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಗಾಳಿ ತಾಗಿ ಬ್ರೇಕು ಆರುತ್ತದೆ. ಮೆಲ್ಲಗೆ ಒತ್ತಿಕೊಂಡೇ ಇದ್ದರೆ ಆರಲು ಪುರುಸೊತ್ತೇ ಸಿಗುವುದಿಲ್ಲ. ಪದೇ ಪದೇ ಬ್ರೇಕು ಬೇಕಾಗುತ್ತಿದೆ ಅಂದರೆ ಗೇರು ತಪ್ಪಾಗಿದೆ ಎಂದರ್ಥ, ಇನ್ನೊಂದು ಕೆಳಗೆ ಇಳಿಸಿ. ಹಿಂದಿನ ಗಾಡಿಯವರು ಹಾರನ್ ಹೊಡೆಯುತ್ತಾರೆ. ಹೊಡೆಯಲಿ. ಜಾಗ ಇದ್ದ ಕಡೆ ಬದಿಗೆ ಸರಿದು ದಾರಿ ಬಿಡಿ, ಅವರ ಅವಸರಕ್ಕೆ ನಿಮ್ಮ ಗೇರು ಬದಲಿಸಬೇಡಿ.

ಸುಟ್ಟ ವಾಸನೆ ಬಂದ ಕೂಡಲೇ ಅಗಲವಾದ, ಮೇಲೆ ಸಡಿಲ ಬರೆ (ರಸ್ತೆಗಾಗಿ ಕಡಿದ ಗುಡ್ಡದ ಬದಿ) ಇಲ್ಲದ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ಮರದ ಅಡ್ಡೆ ಇಡಿ, ಗೇರಿನಲ್ಲಿ ಬಿಡಿ. ಬಿಸಿ ಡಿಸ್ಕಿಗೆ, ಡ್ರಮ್ಮಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಒಂದು ವೇಳೆ ಇಳಿಯುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ, ಜೋರಾಗಿ ಪಂಪ್ ಮಾಡಿ. ಗೇರನ್ನು ಒಂದೊಂದಾಗಿ ಇಳಿಸಿ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಹಾರನ್, ದೀಪ ಹಾಕಿ. ಯಾವುದೂ ಆಗಲಿಲ್ಲ ಅಂದರೆ ಬರೆಯ ಕಡೆಗೆ ಗಾಡಿಯನ್ನು ಓರೆಯಾಗಿ ಉಜ್ಜಿಸಿ ನಿಲ್ಲಿಸಿ. ಬಾಡಿ ಹೋದರೆ ಹೋಗಲಿ. ಕೆಳಗಿನ ಕಡೆ ಮಾತ್ರ ತಿರುಗಿಸಬೇಡಿ.

ಖಾಲಿ ಗಾಡಿಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ, ಅದಕ್ಕೇ ಹೇಳುತ್ತೇನೆ. ಲೋಡು ಇಳಿಸಿ ವಾಪಸ್ ಬರುವಾಗ ಮನಸ್ಸೂ ಹಗುರ, ಗಾಡಿಯ ಹಿಂಬದಿಯೂ ಹಗುರ. ಎಂಜಿನ್ನಿನ ಎಳೆತ ಇರುವುದು ಹಿಂದಿನ ಚಕ್ರಕ್ಕೆ, ಅದರ ಮೇಲೆ ಭಾರವೇ ಇಲ್ಲ. ಮೊದಲ ಮಳೆ ಬಿದ್ದಾಗ ರಸ್ತೆಯ ಧೂಳು, ಎಣ್ಣೆ, ಉದುರಿದ ಎಲೆ ಎಲ್ಲ ಸೇರಿ ತಿರುವುಗಳಲ್ಲಿ ನುಣ್ಣಗೆ ಜಾರುತ್ತದೆ. ಅಲ್ಲಿ ದಿಢೀರ್ ಬ್ರೇಕೂ ಬೇಡ, ಗೇರು ಇಳಿಸಿ ಕ್ಲಚ್ಚನ್ನು ಫಟ್ಟಂತ ಬಿಡುವುದೂ ಬೇಡ. ಎರಡರಿಂದಲೂ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ನಿಲ್ಲುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಂಡು, ತಿರುವಿನೊಳಗೆ ಒಂದೇ ಹದದಲ್ಲಿ ಹೋಗಿ. ಇನ್ನೊಂದು, ಅಗಲ ಸಾಲದ ಕಡಿದಾದ ರಸ್ತೆಯಲ್ಲಿ ಏರು ಹತ್ತುವ ಗಾಡಿಗೆ ಮೊದಲ ದಾರಿ, ಇಳಿಯುವವರು ಕಾಯಬೇಕು. ಇದು ಬರೀ ಮರ್ಯಾದೆಯಲ್ಲ, ನಿಯಮವೇ ಹಾಗಿದೆ.

ಕೆಲಸದವರನ್ನು ಬಾಡಿಯಲ್ಲಿ ಕರೆತರುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಎಲ್ಲ ತೋಟದವರೂ ಮಾಡ್ತಾರೆ ಅಲ್ವಾ ಅಂತ ನೀವು ಕೇಳಬಹುದು. ಮಾಡುತ್ತಾರೆ. ಬಾಡಿಯಲ್ಲಿ ನಿಂತವರಿಗೆ ಬೆಲ್ಟಿಲ್ಲ, ಹಿಡಿದುಕೊಳ್ಳಲು ಗಟ್ಟಿಯಾದದ್ದೇನೂ ಇಲ್ಲ. ನಿಂತ ಜನರ ಭಾರ ಮೇಲೆ ಇರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ, ಗಾಡಿ ಮಗುಚಲು ಅಷ್ಟು ಸಾಕು. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಪ್ರಯಾಣ ಮಾಡುವವರಿಗೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ಏನಾದರೂ ಆದರೆ ಹೊಣೆ ಓನರ್ ತಲೆಗೇ ಬರಬಹುದು. ಆದರೆ ನಾನು ಹಣದ ಲೆಕ್ಕಕ್ಕೆ ಇದನ್ನು ಹೇಳುತ್ತಿಲ್ಲ. ದಿನಗೂಲಿಗೆ ಬರುವ ಹೆಂಗಸರು ಬೇರೆ ದಾರಿ ಇಲ್ಲದೆ ಹತ್ತುತ್ತಾರೆ, ಬೇಡ ಅನ್ನುವ ಅನುಕೂಲ ಅವರಿಗಿಲ್ಲ. ಬೇಡ ಅನ್ನಬೇಕಾದವರು ನಾವು. ಕೊಯ್ಲಿನ ಎರಡು ಮೂರು ತಿಂಗಳಿಗೆ ಬಾಡಿಗೆ ಜೀಪು ಮಾಡಿ, ಅಥವಾ ಅಕ್ಕಪಕ್ಕದ ತೋಟದವರು ಸೇರಿ ಒಂದು ಪ್ಯಾಸೆಂಜರ್ ಗಾಡಿ ಗೊತ್ತುಮಾಡಿಕೊಳ್ಳಿ. ಪಿಕಪ್‌ನ ಕ್ಯಾಬಿನ್ನಿನಲ್ಲಿ ಸೀಟು ಎಷ್ಟಿದೆಯೋ ಅಷ್ಟೇ ಜನ.

ಹಳದಿ ದೀಪದ ಗುರುತು ಹೇಗಿದೆ ಅಂತ ನೀವು ಬರೆದಿಲ್ಲ. ಪೈಪಿನ ನಡುವೆ ಒಂದು ಡಬ್ಬಿ, ಅದರೊಳಗೆ ಚುಕ್ಕಿಗಳು, ಹೀಗಿದ್ದರೆ ಅದು ಡಿಪಿಎಫ್ ದೀಪ. ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಅದನ್ನು ಒಳಗೇ ಸುಡುತ್ತದೆ. ಸುಡಲು 550-600 ಡಿಗ್ರಿ ಬಿಸಿ ಬೇಕು. ತೋಟದೊಳಗೆ ಒಂದು, ಎರಡನೇ ಗೇರಿನಲ್ಲಿ ಓಡಾಡಿ, ಕಣದ ಹತ್ತಿರ ಸ್ಟಾರ್ಟಿನಲ್ಲೇ ನಿಲ್ಲಿಸಿದರೆ ಆ ಬಿಸಿ ಬರುವುದೇ ಇಲ್ಲ. ದೀಪ ಬಂದಾಗ ಕುಶಾಲನಗರ ದಾಟಿ ನೇರವಾದ ರಸ್ತೆಯಲ್ಲಿ 15-20 ನಿಮಿಷ 50-60ರ ವೇಗದಲ್ಲಿ ಎಡೆಬಿಡದೆ ಓಡಿಸಿ, ಬಹುಪಾಲು ಆರಿಹೋಗುತ್ತದೆ. ಆರದೆ ಮಿನುಗುತ್ತಿದ್ದರೆ ಅಥವಾ ಎಂಜಿನ್ ದೀಪವೂ ಸೇರಿ ಬಂದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಫಿಲ್ಟರ್ ಕಿತ್ತು ಹಾಕಿ ಖಾಲಿ ಪೈಪ್ ಹಾಕಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ, ಅದು ಕಾನೂನಿಗೂ ವಿರುದ್ಧ, ಎಂಜಿನ್ ಕಂಪ್ಯೂಟರೂ ತಲೆಕೆಡಿಸಿಕೊಳ್ಳುತ್ತದೆ. ಇನ್ನೊಂದು ಎಚ್ಚರ. ಮಸಿ ಸುಡುವಾಗ ಸೈಲೆನ್ಸರ್ ವಿಪರೀತ ಕಾಯುತ್ತದೆ. ಬೇಸಿಗೆಯಲ್ಲಿ ಒಣ ಸಿಲ್ವರ್ ಎಲೆಯ ಮೇಲೆ, ಕಾಫಿ ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ. ಎಂಜಿನ್ ಆಯಿಲ್ ಕೂಡ ಬಿಎಸ್ 6ಕ್ಕೆ ಅಂತ ಇರುವ, ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಅಗ್ಗದ ಹಳೆಯ ಗ್ರೇಡು ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಕಾಯಂ ಕೂರುತ್ತದೆ, ಸುಟ್ಟು ಹೋಗುವುದಿಲ್ಲ.

ಮಳೆಗಾಲಕ್ಕೆ ಮುಂಚಿನ ಕೆಲಸಗಳಲ್ಲಿ ಬ್ರೇಕಿನ ನಂತರ ಟಯರಿಗೇ ಜಾಗ. ಟಯರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಟಯರ್ ಮುಗಿಯಿತು. ನಮ್ಮ ಮಳೆಗೆ, ನಮ್ಮ ರಸ್ತೆಗೆ 3 ಮಿಲಿಮೀಟರ್ ಇದ್ದಾಗಲೇ ಬದಲಿಸಿ ಅನ್ನುತ್ತೇನೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ನಾಲ್ಕು ಟಯರಿಗೆ ನಾಲ್ಕು ವಯಸ್ಸು ಇರುವುದುಂಟು, ಸ್ಟೆಪ್ನಿಯನ್ನೂ ನೋಡಿ. ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ಹಿಡಿಸಿ. ಪಿಕಪ್‌ಗಳಲ್ಲಿ ಲೋಡಿದ್ದಾಗ ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ತುಂಬಾ ಜಾಸ್ತಿ ಗಾಳಿ ಬೇಕು. ಎಷ್ಟು ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ. ಓಡಿ ಬಿಸಿಯಾದ ಟಯರಿನಲ್ಲಿ ಗಾಳಿ ಜಾಸ್ತಿ ತೋರಿಸಿತು ಅಂತ ಬಿಡಿಸಬೇಡಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಬಿಡಿಸಿ, ಮಳೆಗಾಲದಲ್ಲಿ ಇನ್ನೂ ಬೇಗ ಬೇಗ. ವೈಪರ್ ರಬ್ಬರ್ ಹೊಸದು ಹಾಕಿ, ಖರ್ಚು ಕಡಿಮೆ, ಉಪಕಾರ ದೊಡ್ಡದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಪಟ್ಟೆಯ ಪಿನ್ನಿಗೆ ಗ್ರೀಸ್ ಹೊಡೆಸಿ, ಪಟ್ಟೆ ತೆಗೆಸಿದ ಮೇಲೆ ಅದನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟನ್ನು ಸ್ವಲ್ಪ ದಿನ ಓಡಿಸಿ ಮತ್ತೆ ಬಿಗಿ ಮಾಡಿಸಿ. ಚಕ್ರ ಬಿಚ್ಚಿ ಹಾಕಿದಾಗಲೂ ಹಾಗೆಯೇ, ನಟ್ಟನ್ನು ಒಮ್ಮೆ ಮರುಪರೀಕ್ಷೆ ಮಾಡಿ. ತೋಟದ ಕೆಸರು ಚಾಸಿಯ ಸಂದಿಯಲ್ಲಿ ಕೂತು ತುಕ್ಕು ಹಿಡಿಸುತ್ತದೆ, ವಾರಕ್ಕೊಮ್ಮೆ ಅಡಿಯಿಂದ ನೀರು ಹೊಡೆದು ತೊಳೆಯಿರಿ. ಗೊಬ್ಬರ ಸಾಗಿಸಿದ ದಿನವಂತೂ ಬಾಡಿ ತೊಳೆಯದೆ ಬಿಡಬೇಡಿ, ಅದರ ಉಪ್ಪು ತಗಡನ್ನು ತಿನ್ನುತ್ತದೆ. ಏರು ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಎಂಜಿನ್ ಕಾದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಕಾಗದದ ವಿಷಯ. ಗಾಡಿಗೆ ಎಂಟು ವರ್ಷ ಆಗುವ ತನಕ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿಮ್ಮ ಹತ್ತಿರ ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ 7,500 ಕೆ.ಜಿ. ಮೀರದ ಗೂಡ್ಸ್ ಗಾಡಿಯನ್ನೂ ಅದರಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ. ಆರ್‌ಸಿ, ಇನ್ಶೂರೆನ್ಸ್ ಎರಡೂ ನಿಮ್ಮ ಹೆಸರಿಗೆ ಆಗಿವೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಮಳೆಯಲ್ಲಿ ಓಡಿಸುವಾಗ ಬರೆಯನ್ನು ಓದಲು ಕಲಿಯಬೇಕು. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಏನಾಯಿತು ಅಂತ ನೀವೂ ಕಂಡಿದ್ದೀರಿ. ಬರೆಯಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ರಸ್ತೆಗೆ ವಾಲಿದ್ದರೆ, ಡಾಂಬರಿನಲ್ಲಿ ಉದ್ದಕ್ಕೆ ಹೊಸ ಬಿರುಕು ಕಂಡರೆ ಅಲ್ಲಿ ನಿಲ್ಲಬೇಡಿ, ಮುಂದೆಯೂ ನುಗ್ಗಬೇಡಿ, ಹಿಂದೆ ಬಂದು ಸುರಕ್ಷಿತ ಕಡೆ ಕಾಯಿರಿ. ಭಾಗಮಂಡಲ, ನಾಪೋಕ್ಲು ಕಡೆ ಕಾವೇರಿ ರಸ್ತೆ ಮೇಲೆ ಹರಿಯುವಾಗ ಪಿಕಪ್ ಎತ್ತರ ಇದೆ ಅನ್ನುವ ಧೈರ್ಯ ಬೇಡ. ಹರಿಯುವ ನೀರು ಎರಡಡಿ ಇದ್ದರೆ ಪಿಕಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಎಂಜಿನ್ ನೀರು ಎಳೆದುಕೊಂಡು ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು, ಒಳಗಿನ ರಾಡು ಬಾಗುತ್ತದೆ. ಕಡಿಮೆ ನೀರು ದಾಟಿದ ಮೇಲೂ ಮೆಲ್ಲಗೆ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿಕೊಳ್ಳಿ. ಮಂಜು ಬಿದ್ದಾಗ ದೀಪ ಲೋ ಬೀಮಿನಲ್ಲಿರಲಿ, ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆಯೇ ಕಾಣುತ್ತದೆ.

ಕುಶಾಲನಗರದಿಂದ ಬರುವಾಗ ಆನೆಕಾಡು ದಾಟುತ್ತೀರಿ. ಮುಂಜಾನೆ, ಮುಸ್ಸಂಜೆ ಅಲ್ಲಿ ವೇಗ ಬೇಡ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರನ್ ಹೊಡೆಯಬೇಡಿ, ದೀಪ ಕಡಿಮೆ ಮಾಡಿ, ಇಳಿಯಬೇಡಿ. ಎಂಜಿನ್ ಆಫ್ ಮಾಡದೆ ಹಿಂದೆ ಸರಿಯಲು ತಯಾರಿರಿ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿ ಇರಬಹುದು.

ಆಯಿಲ್ ಬದಲಿಸಿ, ಪಟ್ಟೆ ತೆಗೆಸಿ, ವಾಲ್ವ್ ಸೆಟ್ ಮಾಡಿಸಿದ ಮೇಲೆ ನೇರವಾಗಿ ಸಂಪಾಜೆಗೆ ಹೋಗಬೇಡಿ. ಮೊದಲು ಗಾಡಿ ಖಾಲಿ ಇಟ್ಟುಕೊಂಡು ಬಯಲಿನಲ್ಲಿ ಬ್ರೇಕು ಒತ್ತಿ ನೋಡಿ, ಒಂದು ಕಡೆ ಎಳೆಯಬಾರದು. ಆಮೇಲೆ ಅರ್ಧ ಲೋಡು ಹಾಕಿ ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಇಳಿಯಿರಿ. ಕೆಳಗೆ ತಲುಪಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಎಡ ಬಲ ಒಂದೇ ಸಮ ಬಿಸಿ ಇರಬೇಕು, ಹಿಂದಿನ ಡ್ರಮ್ಮಿನಲ್ಲೂ ಸ್ವಲ್ಪ ಬಿಸಿ ಕಾಣಬೇಕು. ಹಿಂದಿನದು ತಣ್ಣಗೇ ಇದ್ದರೆ ವಾಲ್ವ್ ಇನ್ನೂ ಸರಿಯಾಗಿಲ್ಲ, ಗಾಡಿಯನ್ನು ವಾಪಸ್ ಗ್ಯಾರೇಜಿಗೆ ಒಯ್ಯಿರಿ.